ಪೆನ್ ಬ್ಯಾಟಲ್ 3, 4000 ಸೈಜಿನ ರೀಲ್: ಕೊಪ್ಪಳದ ಕಪಾಟು, ಕಾರವಾರದ ಉಪ್ಪುನೀರು

ಕೊಪ್ಪಳ, ಗಂಗಾವತಿ, ಬಳ್ಳಾರಿ, ರಾಯಚೂರು ಕಡೆ ಗಾಳದ ಹುಚ್ಚು ಇರುವವರಿಗೆ ಶಿವರಾತ್ರಿ ಮುಗಿಯುತ್ತಿದ್ದಂತೆ ಎರಡು ದಾರಿ ತೆರೆದುಕೊಳ್ಳುತ್ತವೆ. ಒಂದು, ದಿನದಿಂದ ದಿನಕ್ಕೆ ಇಳಿಯುವ ತುಂಗಭದ್ರಾ ಹಿನ್ನೀರು. ಇನ್ನೊಂದು, ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ಹಾದು ಅಂಕೋಲೆಗೆ ಹೋಗಿ ಮುಟ್ಟುವ ಹಳೆಯ 63ನೇ ನಂಬರಿನ ಹೆದ್ದಾರಿ. ಕೊಪ್ಪಳದಿಂದ ಅಂಕೋಲೆ ಹೆಚ್ಚುಕಡಿಮೆ ಇನ್ನೂರೈವತ್ತು ಕಿಲೋಮೀಟರ್. ರಾತ್ರಿ ಊಟ ಮಾಡಿ ಹೊರಟರೆ ಬೆಳಗಿನ ಇಳಿತಕ್ಕೆ ಅಳಿವೆಯ ಬಾಯಲ್ಲಿ ನಿಲ್ಲಬಹುದು. ಫೆಬ್ರುವರಿಯಿಂದ ಮೇ ಮೊದಲ ವಾರಗಳವರೆಗೆ ಉತ್ತರ ಕನ್ನಡದ ದಂಡೆ ಗಾಳದವರಿಗೆ ಅನುಕೂಲ. ಅಲೆ ಸಣ್ಣದು, ನೀರು ತಿಳಿ, ಮಧ್ಯಾಹ್ನದವರೆಗೆ ಗಾಳಿಯ ಕಾಟ ಕಡಿಮೆ. ಮಳೆಗಾಲದಲ್ಲಿ ಕೆಂಪಾಗಿ ನುಗ್ಗುವ ಹೊಳೆಗಳು ಆಗ ಸೊರಗಿರುತ್ತವೆ, ಉಪ್ಪುನೀರು ಭರತದ ಜೊತೆ ಹೊಳೆಯೊಳಗೆ ದೂರದವರೆಗೆ ಏರಿ ಬರುತ್ತದೆ, ಅದರ ಬೆನ್ನಿಗೆ ಸಿಗಡಿ, ಶೆವಟೆಯಂಥ ಸಣ್ಣ ಮೀನು, ಅವುಗಳ ಬೆನ್ನಿಗೆ ದೊಡ್ಡ ಮೀನು.

ಈ ಎರಡೂ ನೀರಿಗೆ ಒಂದೇ ರೀಲ್ (ಗಾಳದ ರಾಡಿಗೆ ಕೂರಿಸಿ ದಾರ ಸುತ್ತುವ ಸಾಮಾನು) ಸಾಕು ಅನ್ನುವವರ ಬಾಯಲ್ಲಿ ಮೊದಲು ಬರುವ ಹೆಸರುಗಳಲ್ಲಿ ಪೆನ್ ಬ್ಯಾಟಲ್ 3 ಒಂದು. ಪೆನ್ 1932ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶುರುವಾದ ಕಂಪನಿ, ಮೊದಲಿನಿಂದಲೂ ಸಮುದ್ರದ ರೀಲುಗಳಿಗೇ ಹೆಸರಾದದ್ದು. ಬ್ಯಾಟಲ್ ಅದರ ಮಧ್ಯಮ ದರ್ಜೆಯ ಸರಣಿ. ಇಲ್ಲಿ ನೋಡುತ್ತಿರುವುದು 4000 ಸೈಜ್. ಬೆಲೆ ಆನ್‌ಲೈನ್‌ನಲ್ಲಿ ಹತ್ತು ಸಾವಿರದ ಆಚೀಚೆ ಓಡಾಡುತ್ತದೆ. ನಮ್ಮ ಜಿಲ್ಲೆಗಳ ಅಂಗಡಿಗಳಲ್ಲಿ ಇದನ್ನು ಕೈಯಲ್ಲಿ ಹಿಡಿದು ನೋಡಿ ತಗೊಳ್ಳುವ ಭಾಗ್ಯ ಸಾಮಾನ್ಯವಾಗಿ ಇಲ್ಲ, ತರಿಸಿಕೊಳ್ಳಬೇಕು. ಬಿಲ್ ಇಲ್ಲದೆ ಕೊಡುವವರ ಹತ್ತಿರ ಎಷ್ಟೇ ಅಗ್ಗವಾದರೂ ಬೇಡ, ವಾರಂಟಿ ಕೇಳುವಾಗ ಬೇಕಾಗುವುದು ಅದೊಂದೇ ಕಾಗದ.

ಮಾರುವವರು ಬೇರಿಂಗ್ ಎಷ್ಟು, ಡ್ರ್ಯಾಗ್ ಎಷ್ಟು ಕಿಲೋ ಅಂತ ಹೇಳುತ್ತಾರೆ. ಒಳನಾಡಿನವರ ಅಳತೆ ಬೇರೆ ಇರಬೇಕು. ಕಾರವಾರದಲ್ಲಿ ಮನೆ ಇರುವವನು ಗಾಳ ಮುಗಿಸಿದ ಅರ್ಧ ತಾಸಿನಲ್ಲಿ ರೀಲನ್ನು ನಲ್ಲಿಯ ಕೆಳಗೆ ಹಿಡಿಯುತ್ತಾನೆ. ನಮ್ಮ ರೀಲು ಬಾಯಿ ಕಟ್ಟಿದ ಚೀಲದಲ್ಲಿ, ಕಾರಿನ ಡಿಕ್ಕಿಯಲ್ಲಿ, ಆರೇಳು ತಾಸು ಬೇಯುತ್ತಾ ಬರುತ್ತದೆ. ಮನೆ ಮುಟ್ಟಿದರೆ ಸಿಗುವುದು ಗಡಸು ಬೋರ್ ನೀರು. ಆಮೇಲೆ ಮುಂದಿನ ಅಮಾವಾಸ್ಯೆಯವರೆಗೆ ಕಪಾಟು. ಒಣಗಿ ಕೂತ ಉಪ್ಪು ಏಪ್ರಿಲ್ ಬಿಸಿಲಲ್ಲಿ ಸುಮ್ಮನೆ ಇರುತ್ತದೆ, ಜೂನ್‌ನ ತೇವ ಸಿಕ್ಕ ಕೂಡಲೇ ಗಾಳಿಯ ನೀರನ್ನು ಹೀರಿ ಕರಗಿ ಮತ್ತೆ ಲೋಹ ತಿನ್ನಲು ಶುರು ಮಾಡುತ್ತದೆ. ಆದ್ದರಿಂದ ನಮ್ಮ ಕಡೆ ರೀಲ್ ಹಾಳಾಗುವುದು ಬಹುತೇಕ ವಾಪಸ್ ದಾರಿಯಲ್ಲಿ ಮತ್ತು ಕಪಾಟಿನಲ್ಲಿ. ಈ ರೀಲನ್ನು ಇಲ್ಲಿ ತೂಗಿರುವುದೂ ಆ ತಕ್ಕಡಿಯಲ್ಲೇ: ಮನೆಯಲ್ಲಿ ಬಿಚ್ಚಿ ತೊಳೆಯಲು ಎಷ್ಟು ಸಲೀಸು, ತೊಳೆಯುವುದು ತಡವಾದರೆ ಎಷ್ಟು ಕ್ಷಮಿಸುತ್ತದೆ.

ಮೊದಲು ಮೈಕಟ್ಟು. ಬಾಡಿ ಮತ್ತು ಪಕ್ಕದ ತಟ್ಟೆ ಎರಡೂ ಲೋಹ. ಇದು ಅಂದಕ್ಕಲ್ಲ. ಎರಡು ಸಾವಿರದೊಳಗೆ ರಾಡ್ ಸಮೇತ ಸಿಗುವ ಕಾಂಬೊ ಸೆಟ್‌ಗಳ ರೀಲಿಗೆ ಪ್ಲಾಸ್ಟಿಕ್ ಮೈ ಇರುತ್ತದೆ. ಮೂರು ಕಿಲೋ ಎಳೆತ ಬಿದ್ದಾಗ ಆ ಮೈ ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ, ದೊಡ್ಡ ಗೇರಿನ ಹಲ್ಲು ಸಣ್ಣ ಗೇರಿನ ಹಲ್ಲಿಗೆ ಪೂರ್ತಿ ಕೂರುವುದಿಲ್ಲ, ಹಲ್ಲಿನ ತುದಿ ಮಾತ್ರ ಭಾರ ಹೊರುತ್ತದೆ. ಕೆಲವೇ ದೊಡ್ಡ ಮೀನಿನ ನಂತರ ಹಿಡಿಕೆ ತಿರುಗಿಸಿದರೆ ಕರಕರ ಅನ್ನುವುದು ಇದೇ ಕಾರಣಕ್ಕೆ. ಬ್ಯಾಟಲ್‌ನಲ್ಲಿ ಗೇರು ಯಂತ್ರದಲ್ಲಿ ಕೊರೆದದ್ದು, ಮೈ ತಿರುಚುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಜಿಲೇಬಿ ಮೀನು ಹಿಡಿಯುವವರಿಗೆ ಈ ಗಟ್ಟಿತನ ದಂಡ. ಅಳಿವೆಯಲ್ಲಿ ಐದಾರು ಕಿಲೋದ ಚೊಣಕ್ ಮೀನು (ಬಾರಮುಂಡಿ) ಬಂಡೆಯ ಕಡೆ ತಿರುಗಿದಾಗ ಬೇಕಾಗುವುದು ಇದೇ.

ಗಟ್ಟಿತನಕ್ಕೆ ಬೆಲೆ ತೂಕ. ಸುಮಾರು 350 ಗ್ರಾಂ. ಎಂಟು ಅಡಿ ರಾಡಿಗೆ ಸರಿಹೊಂದುತ್ತದೆ, ಆರೂವರೆ ಅಡಿ ರಾಡಿಗೆ ಹಾಕಿ ದಿನವಿಡೀ ಏಳು ಗ್ರಾಂ ಲ್ಯೂರ್ (ಮೀನನ್ನು ಸೆಳೆಯುವ ನಕಲಿ ಎರೆ) ಎಸೆದರೆ ಸಂಜೆಗೆ ಮಣಿಕಟ್ಟು ಮಾತಾಡುತ್ತದೆ. ಇದೇ ಬೆಲೆಯಲ್ಲಿ ಇದಕ್ಕಿಂತ ಹಗುರವಾದ ಜಪಾನಿ ರೀಲುಗಳಿವೆ. ಮೃದುವಾಗಿ ತಿರುಗುವ ವಿಷಯದಲ್ಲೂ ಅವು ಮುಂದೆ. ಕೈಗೆ ಹೊಸದಾಗಿ ಬಂದಾಗ ಬ್ಯಾಟಲ್ ಸ್ವಲ್ಪ ಬಿಗಿ ಅನ್ನಿಸಿದರೆ ಗಾಬರಿ ಬೇಡ, ಒಳಗಿನ ಗ್ರೀಸ್ ಹರಡಿಕೊಳ್ಳುವವರೆಗೆ ಹಾಗೇ.

ಈಗ ಡ್ರ್ಯಾಗ್, ಈ ರೀಲಿನ ಅತಿ ಒಳ್ಳೆಯ ಅಂಗ. ಮೀನು ಜೋರಾಗಿ ಎಳೆದಾಗ ದಾರ ತುಂಡಾಗದೆ ಜಾರಿ ಬಿಡುವ ಬ್ರೇಕ್ ಇದು. ಒಳಗೆ ಎಚ್‌ಟಿ-100 ಹೆಸರಿನ ಕಾರ್ಬನ್ ಫೈಬರ್ ಬಿಲ್ಲೆಗಳು. ಅಗ್ಗದ ರೀಲುಗಳಲ್ಲಿ ಉಣ್ಣೆಯಂಥ ಫೆಲ್ಟ್ ಬಿಲ್ಲೆ ಇರುತ್ತದೆ. ಅದು ಒದ್ದೆಯಾದರೆ ಹಿಡಿತ ತಪ್ಪುತ್ತದೆ, ಒಣಗಿದರೆ ಅಂಟಿಕೊಳ್ಳುತ್ತದೆ, ಉದ್ದದ ಓಟಕ್ಕೆ ಬಿಸಿಯಾಗಿ ಸುಡುತ್ತದೆ. ಕಾರ್ಬನ್‌ಗೆ ಈ ಮೂರು ತಂಟೆಯೂ ಬಹಳ ಕಡಿಮೆ. ಗರಿಷ್ಠ ಡ್ರ್ಯಾಗ್ 15 ಪೌಂಡ್, ಅಂದರೆ 6.8 ಕಿಲೋ. ಆದರೆ ಆ ಗರಿಷ್ಠ ಅಂಕಿ ನೋಡಿ ಖುಷಿಪಡುವುದರಲ್ಲಿ ಅರ್ಥವಿಲ್ಲ, ದಂಡೆಯ ಮೇಲೆ ನಿಂತು ಅಷ್ಟು ಎಳೆತ ಯಾರೂ ಬಳಸುವುದಿಲ್ಲ. ನೋಡಬೇಕಾದ್ದು ಎರಡೂವರೆ ಕಿಲೋದಲ್ಲಿ ಅದು ತಡವರಿಸದೆ ಜಾರುತ್ತದೆಯೋ ಅಂತ. ಜಾರುತ್ತದೆ.

ಡ್ರ್ಯಾಗ್ ಹೊಂದಿಸುವುದನ್ನು ಕೈ ಅಂದಾಜಿಗೆ ಬಿಡಬೇಡಿ. ಲಗೇಜ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಮುನ್ನೂರು ರೂಪಾಯಿಗೆ ಎಲ್ಲ ಕಡೆ ಸಿಗುತ್ತದೆ. ದಾರವನ್ನು ರಾಡಿನ ಎಲ್ಲ ಗೈಡ್‌ಗಳಲ್ಲಿ (ರಾಡಿನುದ್ದಕ್ಕೂ ಇರುವ ಬಳೆಗಳಲ್ಲಿ) ಹಾಯಿಸಿ, ತುದಿಯನ್ನು ತಕ್ಕಡಿಗೆ ಕಟ್ಟಿ, ರಾಡನ್ನು 45 ಡಿಗ್ರಿ ಎತ್ತಿ ಹಿಡಿದು, ಇನ್ನೊಬ್ಬರು ತಕ್ಕಡಿಯನ್ನು ನಿಧಾನಕ್ಕೆ ಹಿಂದೆ ಎಳೆಯಲಿ. ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಡ್ರ್ಯಾಗ್ ಜಾರಬೇಕು. 20 ಪೌಂಡ್ ದಾರಕ್ಕೆ ಅದು ಸರಿಸುಮಾರು 2.3ರಿಂದ 3 ಕಿಲೋ. ರೀಲಿನಿಂದ ನೇರವಾಗಿ ಎಳೆದು ಅಳೆದರೆ ತಪ್ಪು ಲೆಕ್ಕ ಬರುತ್ತದೆ, ಬಾಗಿದ ರಾಡಿನ ಗೈಡ್‌ಗಳ ಉಜ್ಜಾಟ ಅದರಲ್ಲಿ ಸೇರಿರುವುದಿಲ್ಲ. ಮೊದಲ ಜಗ್ಗಿಗೆ ತಕ್ಕಡಿ ಮೂರು ತೋರಿಸಿ ಜಾರಲು ಶುರುವಾದ ಮೇಲೆ ಎರಡಕ್ಕೆ ಇಳಿದರೆ ಬಿಲ್ಲೆಗಳ ನಡುವೆ ಉಪ್ಪು ಅಥವಾ ಒಣಗಿದ ಗ್ರೀಸ್ ಕೂತಿದೆ ಅಂತ ಅರ್ಥ. ದೊಡ್ಡ ಮೀನು ತಪ್ಪಿಸಿಕೊಳ್ಳುವುದು ಆ ಮೊದಲ ಜಗ್ಗಿನಲ್ಲೇ.

ಗೇರ್ ಅನುಪಾತ 6.2:1. ಹಿಡಿಕೆ ಒಂದು ಸುತ್ತಿಗೆ ತೊಂಬತ್ತು ಸೆಂಟಿಮೀಟರ್ ಮೀರಿ ದಾರ ಒಳಗೆ ಬರುತ್ತದೆ. ಕಾರವಾರದ ಕೊಲ್ಲಿಯಲ್ಲಿ ಕ್ವೀನ್ ಫಿಶ್, ಟ್ರೆವಲಿ ಗುಂಪು ನೀರಿನ ಮೇಲೆ ಕುದಿಯುವಾಗ 30 ಗ್ರಾಂ ಲೋಹದ ಚಮಚೆ ಲ್ಯೂರನ್ನು ಸರಸರ ಎಳೆಯಲು ಈ ವೇಗ ಬೇಕೇ ಬೇಕು. ಚೊಣಕ್‌ಗೆ ಇದೇ ವೇಗ ಶತ್ರು. ಕರ್ನಾಟಕದ ಬೇರೆ ಕಡೆ ಬಾರಮುಂಡಿ ಅಂತ ಹೋಟೆಲ್ ಮೆನುವಿನಲ್ಲಿ ಕಾಣುವ ಆ ಮೀನು ಬಂಡೆ, ಕಂಬ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನೆರಳಲ್ಲಿ ಕಾದು ಕೂರುತ್ತದೆ, ಓಡುವುದನ್ನು ಅಟ್ಟಿಸಿಕೊಂಡು ಬರುವುದು ಕಡಿಮೆ. ಅದಕ್ಕೆ ಎರಡು ಸೆಕೆಂಡಿಗೆ ಒಂದು ಸುತ್ತು, ನಡುನಡುವೆ ನಿಲುಗಡೆ. ನಿಧಾನದ ಕೆರೆ ರೀಲಿನ ಅಭ್ಯಾಸ ಇರುವವರು ಈ ರೀಲನ್ನು ಹಿಡಿದಾಗ ತಮಗೆ ಗೊತ್ತಾಗದೆಯೇ ಲ್ಯೂರನ್ನು ಓಡಿಸುತ್ತಾರೆ.

ಇನ್ನೊಂದು ತಪ್ಪು ಇದೇ ವೇಗದಿಂದ ಹುಟ್ಟುತ್ತದೆ. ಮೀನು ದಾರ ಎಳೆದುಕೊಂಡು ಹೋಗುವಾಗ, ಡ್ರ್ಯಾಗ್ ಕಿರಗುಟ್ಟುತ್ತಿರುವಾಗಲೇ, ಹಿಡಿಕೆ ತಿರುಗಿಸುತ್ತಲೇ ಇರುವುದು. ಆಗ ದಾರ ಒಳಗೆ ಬರುವುದಿಲ್ಲ, ಆದರೆ ಒಂದೊಂದು ಸುತ್ತಿಗೆ ಆರಕ್ಕೂ ಹೆಚ್ಚು ತಿರುಚು ದಾರಕ್ಕೆ ಸೇರುತ್ತದೆ. ಮುಂದಿನ ಎಸೆತದಲ್ಲಿ ದಾರ ಗಂಟುಗಂಟಾಗಿ ಹೊರಬಿದ್ದಾಗ ಬೈಸಿಕೊಳ್ಳುವುದು ಪಾಪ ರೀಲು. ಮೀನು ಓಡುವಾಗ ಕೈ ನಿಲ್ಲಬೇಕು. ನಿಂತಾಗ ರಾಡನ್ನು ಮೇಲೆತ್ತಿ, ಇಳಿಸುತ್ತಾ ಸುತ್ತಿಕೊಳ್ಳಬೇಕು.

ನೀರು ತಡೆಯುವ ವಿಷಯದಲ್ಲಿ ಈ ರೀಲಿನ ಬಗ್ಗೆ ತಪ್ಪು ಕಲ್ಪನೆ ಹೆಚ್ಚು. 5+1 ಬೇರಿಂಗ್‌ಗಳಲ್ಲಿ ಐದು ಸ್ಟೇನ್‌ಲೆಸ್ ಸ್ಟೀಲ್ ಬೇರಿಂಗ್‌ಗಳಿಗೆ ಮುಚ್ಚಳವಿದೆ, ಇಡೀ ಬಾಡಿಗೆ ಇಲ್ಲ. ಅಂದರೆ ನೀರು ಬಾಡಿಯೊಳಗೆ ಹೋಗಬಲ್ಲದು, ಬೇರಿಂಗ್‌ನ ಗುಂಡುಗಳ ಹತ್ತಿರ ಹೋಗಲು ತಡ ಮಾಡುತ್ತದೆ ಅಷ್ಟೆ. ಇಡೀ ಬಾಡಿ ಮತ್ತು ದಾರ ಸುತ್ತಿಕೊಳ್ಳುವ ಸ್ಪೂಲಿಗೆ ಸೀಲ್ ಬೇಕೆಂದರೆ ಅದೇ ಕಂಪನಿಯ ಸ್ಪಿನ್‌ಫಿಶರ್ 6 ಇದೆ, ಐಪಿಎಕ್ಸ್5 ದರ್ಜೆಯದು, ಬೆಲೆಯೂ ತೂಕವೂ ಹೆಚ್ಚು. ಆ ದರ್ಜೆಯೂ ನೀರಿನ ಧಾರೆ ಬಿದ್ದರೆ ತಡೆಯುತ್ತದೆ ಅನ್ನುವುದಕ್ಕೇ ಹೊರತು ಮುಳುಗಿಸಲು ಪರವಾನಗಿ ಅಲ್ಲ. ಸೊಂಟದುದ್ದ ನೀರಲ್ಲಿ ನಿಂತು ಅಲೆಗೆ ಎದುರಾಗಿ ಎಸೆಯುವವರು ಸ್ಪಿನ್‌ಫಿಶರ್ ಕಡೆ ಹೋಗಲಿ. ಅಳಿವೆಯ ದಂಡೆ, ಜೆಟ್ಟಿ, ಸಣ್ಣ ದೋಣಿಯವರಿಗೆ ಬ್ಯಾಟಲ್ ಸಾಕು. ಮುಚ್ಚಿದ ರೀಲಿಗೆ ಇನ್ನೊಂದು ತೊಡಕೂ ಉಂಟು. ಒಮ್ಮೆ ಒಳಗೆ ಉಪ್ಪುನೀರು ಹೋಯಿತೋ ಹೊರಗೆ ಬರಲೂ ದಾರಿ ಇಲ್ಲ, ಮನೆಯಲ್ಲಿ ಬಿಚ್ಚಿದರೆ ಸೀಲುಗಳನ್ನು ಸರಿಯಾಗಿ ಕೂರಿಸುವುದು ಎಲ್ಲರ ಕೈಯ ಕೆಲಸವಲ್ಲ. ಬಿಚ್ಚಿ ತೊಳೆದು ಬಳಸುವ ನಮ್ಮಂಥ ದೂರದವರಿಗೆ ಬ್ಯಾಟಲ್‌ನ ಸರಳತೆಯೇ ಲಾಭ.

ಸ್ಪೂಲಿನಲ್ಲಿ ರಬ್ಬರ್ ಪಟ್ಟಿ ಕೂರಿಸಿದ್ದಾರೆ, ಹೆಣೆದ ದಾರವನ್ನು, ಅಂದರೆ ಬ್ರೇಡ್ ಅನ್ನು, ನೇರವಾಗಿ ಅದಕ್ಕೇ ಕಟ್ಟಬಹುದು. ಬೇರೆ ರೀಲುಗಳಲ್ಲಿ ಹಾಗೆ ಕಟ್ಟಿದರೆ ಇಡೀ ಸುರುಳಿಯೇ ಸ್ಪೂಲಿನ ಮೇಲೆ ಜಾರಿ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆ ಅಂತ ಜನ ಬಿಚ್ಚಿ ಹುಡುಕುತ್ತಾರೆ. 20 ಪೌಂಡ್ ಬ್ರೇಡ್ ಇದರಲ್ಲಿ 230 ಮೀಟರಿನಷ್ಟು ಹಿಡಿಯುತ್ತದೆ. ದಂಡೆಯಿಂದ ಎಸೆಯುವವರಿಗೆ 150 ಮೀಟರ್ ಧಾರಾಳ. ಉಳಿದ ಜಾಗಕ್ಕೆ ಅಡಿಯಲ್ಲಿ ಅಗ್ಗದ ನೈಲಾನ್ ಸುತ್ತಿ. ಎಷ್ಟು ನೈಲಾನ್ ಬೇಕು ಅನ್ನುವುದಕ್ಕೆ ಲೆಕ್ಕಾಚಾರ ಬೇಡ: ಮೊದಲು ಬ್ರೇಡ್ ಸುತ್ತಿ, ಅದರ ಮೇಲೆ ಸ್ಪೂಲ್ ತುಂಬುವವರೆಗೆ ನೈಲಾನ್ ಸುತ್ತಿ, ಎರಡನ್ನೂ ಬಿಚ್ಚಿ ಖಾಲಿ ಉರುಳೆಗಳಿಗೆ ತೆಗೆದುಕೊಂಡು, ಆಮೇಲೆ ತಿರುವುಮುರುವಾಗಿ ನೈಲಾನ್ ಅಡಿಗೆ, ಬ್ರೇಡ್ ಮೇಲೆ. ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಬಿಟ್ಟು ನಿಲ್ಲಿಸಿ. ಅಂಚಿನವರೆಗೆ ತುಂಬಿದರೆ ಎಸೆದಾಗ ನಾಲ್ಕೈದು ಸುತ್ತು ಒಟ್ಟಿಗೆ ಕಳಚಿ ಗಂಟು ಬೀಳುತ್ತದೆ, ಕಮ್ಮಿ ತುಂಬಿದರೆ ಎಸೆತದ ದೂರ ಹೋಗುತ್ತದೆ. ಬ್ರೇಡ್ ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರವನ್ನು ಬಿಗಿಯಾಗಿ ಹಿಡಿದಿರಬೇಕು. ಸಡಿಲವಾಗಿ ಸುತ್ತಿದ ಬ್ರೇಡ್ ಮೊದಲ ದೊಡ್ಡ ಮೀನಿಗೇ ಒಳಪದರಕ್ಕೆ ಕೊರೆದುಕೊಂಡು ಹೋಗಿ ಸಿಕ್ಕಿಬೀಳುತ್ತದೆ, ಮುಂದಿನ ಎಸೆತಕ್ಕೆ ಪಟ್ಟನೆ ನಿಂತು ಲ್ಯೂರು ಮಾತ್ರ ಸಮುದ್ರಕ್ಕೆ ಹಾರುತ್ತದೆ.

ಬ್ರೇಡಿನ ತುದಿಗೆ 30ರಿಂದ 40 ಪೌಂಡಿನ ಫ್ಲೋರೋಕಾರ್ಬನ್ ಅಥವಾ ದಪ್ಪ ನೈಲಾನ್ ಲೀಡರ್ (ಗಾಳದ ಕಡೆಯ ಗಟ್ಟಿ ದಾರ), ಉದ್ದ ಎರಡೂವರೆ ಮೂರು ಅಡಿ. ಚೊಣಕ್‌ನ ಕಿವಿರು ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಬರಿಯ ಬ್ರೇಡ್ ಅದಕ್ಕೆ ತಾಗಿದರೆ ಮುಗಿಯಿತು. ತಾಂಬೊಸೊ ಕಚ್ಚಿದ ಕೂಡಲೇ ಬಂಡೆಯ ಪೊಟರೆಗೆ ಓಡುವ ಮೀನು, ಕಪ್ಪೆಚಿಪ್ಪು ಅಂಟಿದ ಬಂಡೆಗೆ ದಾರ ಉಜ್ಜುತ್ತದೆ. ಬ್ಯಾರಕುಡ, ಇಸ್ವಾಣ (ಅಂಜಲ್) ಇರುವ ಕಡೆ ಅದಕ್ಕೆ ಮುಂದೆ ಒಂದು ಗೇಣು ಸಣ್ಣ ಉಕ್ಕಿನ ತಂತಿ ಬೇಕು. ನೀರು ತಿಳಿಯಾಗಿರುವ ಫೆಬ್ರುವರಿ, ಮಾರ್ಚ್‌ನಲ್ಲಿ ತಂತಿ ಕಂಡರೆ ಬೇರೆ ಮೀನು ಮೂಸುವುದಿಲ್ಲ, ಆದ್ದರಿಂದ ಎಲ್ಲ ಕಡೆ ತಂತಿ ಹಾಕುವುದು ದಡ್ಡತನ. ಬ್ರೇಡ್, ಲೀಡರ್ ಕೂಡಿಸಲು ಎಫ್‌ಜಿ ಗಂಟು ಒಳ್ಳೆಯದು, ಗೈಡ್‌ನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಇಪ್ಪತ್ತು ಸುತ್ತು ಹೆಣೆದು ಒದ್ದೆ ಮಾಡಿ ಬಿಗಿದಾಗ ಬ್ರೇಡಿನ ಬಣ್ಣ ಗಾಢವಾಗಬೇಕು, ಆಗದಿದ್ದರೆ ಜಾರುತ್ತದೆ. ಮನೆಯಲ್ಲೇ ಕಟ್ಟಿಕೊಂಡು ಹೋಗಿ. ಗಾಳಿಯಲ್ಲಿ, ಬ್ಯಾಟರಿ ಬೆಳಕಲ್ಲಿ ಕಟ್ಟಲು ಡಬಲ್ ಯೂನಿ ಗಂಟು ಸಾಕು.

ರಾಡಿನ ಬಗ್ಗೆ ಎರಡೇ ಮಾತು. ಏಳೂವರೆ, ಎಂಟು ಅಡಿ, ಎರಡು ತುಂಡಿನದು, 15ರಿಂದ 40 ಗ್ರಾಂ ಎಸೆಯುವಂಥದು. ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಬಂದಿಲ್ಲ, ಬಸ್ಸಿಗೇ ಹೋಗುವವರಿಗೆ ನಾಲ್ಕಡಿಯ ತುಂಡುಗಳು ಮೇಲಿನ ಹಲಗೆಯ ಮೇಲೆ ಕೂರುತ್ತವೆ. ಗೈಡ್‌ಗಳ ಚೌಕಟ್ಟು ಸ್ಟೇನ್‌ಲೆಸ್ ಇರಲಿ, ಬರೀ ಮೆರುಗು ಕೊಟ್ಟ ಕಬ್ಬಿಣವಾದರೆ ಎರಡನೇ ಪ್ರಯಾಣಕ್ಕೇ ಕಾಲುಗಳ ಬುಡದಲ್ಲಿ ಕಂದು ನೀರು ಇಳಿಯುತ್ತದೆ.

ಈ ರೀಲು ಯಾವ ನೀರಿಗೆ ಹೊಂದುತ್ತದೆ ಅನ್ನುವುದನ್ನು ಜಾಗದ ಲೆಕ್ಕದಲ್ಲಿ ಹೇಳಿದರೆ ಸುಲಭ. ಕಾಳಿ ನದಿಯ ಬಾಯಿ, ಕೋಡಿಬಾಗದ ದಂಡೆ, ಅಂಕೋಲೆ ಹತ್ತಿರ ಬೇಲೇಕೇರಿ, ಮಂಜಗುಣಿಯಲ್ಲಿ ಗಂಗಾವಳಿ ಅಳಿವೆ, ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಇವೆಲ್ಲ 4000 ಸೈಜಿಗೆ ಹೇಳಿ ಮಾಡಿಸಿದ ಜಾಗ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಎರಡು ಮೂರು ದಿನ ಭರತ–ಇಳಿತದ ಅಂತರ ಹೆಚ್ಚು, ನೀರಿನ ಓಟ ಜೋರು. ಇಳಿತ ಶುರುವಾಗಿ ಒಂದು ತಾಸಿನ ನಂತರ, ಹಿನ್ನೀರಿನ ಸಣ್ಣ ಕೋಡಿಗಳಿಂದ ಸಿಗಡಿ ಹೊರಬರುವ ಬಾಯಿಗಳಲ್ಲಿ, ಮೂರು ನಾಲ್ಕು ಇಂಚಿನ ರಬ್ಬರ್ ಮೀನನ್ನು 10ರಿಂದ 14 ಗ್ರಾಂ ಜಿಗ್‌ ತಲೆಗೆ (ಭಾರದ ಗುಂಡು ಕೂಡಿಸಿದ ಗಾಳಕ್ಕೆ) ಚುಚ್ಚಿ ಓಟಕ್ಕೆ ಅಡ್ಡವಾಗಿ ಎಸೆಯುವುದು ಬೆಳಗಿನ ಕೆಲಸ. ಬಿಸಿಲೇರಿ ವಾಯವ್ಯದ ಗಾಳಿ ಎದ್ದ ಮೇಲೆ ದಂಡೆಯಲ್ಲಿ ಹಗುರ ಲ್ಯೂರ್ ನಡೆಯುವುದಿಲ್ಲ, 30–40 ಗ್ರಾಂ ಲೋಹ ಕಟ್ಟಿ ಕೊಲ್ಲಿಯ ಕಡೆ ಹೋಗಿ. ಮರಳು ದಂಡೆಯಲ್ಲಿ ಕಾಣೆ ಹಿಡಿಯಲು ಮಾತ್ರ ಈ ರೀಲು ದೊಡ್ಡದಾಯಿತು. ಮಂಗಳೂರಿನವರು ಕಾಣೆ ಅನ್ನುವ, ಕಾರವಾರದವರು ನೋಗಲಿ ಅನ್ನುವ ಆ ತೆಳು ಮೀನಿನ ಮುಟ್ಟುವಿಕೆ ಇಷ್ಟು ತೂಕದ ಸಾಮಾನಿನಲ್ಲಿ ಕೈಗೆ ತಿಳಿಯುವುದಿಲ್ಲ.

ಕಾರವಾರದ ಹತ್ತಿರ ಅರಗಾ, ಬಿಣಗಾ ಸುತ್ತ ನೌಕಾನೆಲೆಯ ನಿರ್ಬಂಧಿತ ಪ್ರದೇಶ, ಅಲ್ಲಿ ರಾಡ್ ಬಿಚ್ಚುವ ಯೋಚನೆಯೇ ಬೇಡ. ಬಂದರಿನ ಗೋಡೆಗಳ ಮೇಲೆ ಕೇಳಿಕೊಂಡೇ ಹತ್ತಿ. ದೋಣಿಯಲ್ಲಿ ಹೋಗುವವರು ಗಮನಿಸಿ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅದಕ್ಕೆ ಮೊದಲೇ ಮೇ ಕೊನೆಯಲ್ಲಿ ಕಡಲು ಏಳುತ್ತದೆ, ಬಂಡೆಗಳ ಮೇಲೆ ನಿಲ್ಲುವುದು ಬಿಡಿ. ಕತ್ತರಿಸಿದ ಬ್ರೇಡ್ ತುಂಡುಗಳನ್ನು ಮರಳಲ್ಲಿ ಬಿಡದೆ ಜೇಬಿಗೆ ಹಾಕಿಕೊಂಡು ಬನ್ನಿ, ಮೊಟ್ಟೆ ಇಡಲು ಬರುವ ಕಡಲಾಮೆಗಳ ಕಾಲವೂ ಈ ಬೇಸಿಗೆಯ ಮೊದಲ ತಿಂಗಳುಗಳೇ.

ಈಗ ತೊಳೆಯುವ ವಿಚಾರ. ಸಮುದ್ರದಲ್ಲಿ ಅಲ್ಲ, ಹೊಳೆಯಲ್ಲಿ ಐದು ಕಿಲೋಮೀಟರ್ ಒಳಗೆ ಗಾಳ ಹಾಕಿದ್ದು, ತೊಳೆಯುವುದು ಯಾಕೆ ಅನ್ನುವವರಿದ್ದಾರೆ. ಮಾರ್ಚ್–ಏಪ್ರಿಲ್‌ನಲ್ಲಿ ಆ ನೀರನ್ನೊಮ್ಮೆ ನಾಲಿಗೆಗೆ ತಾಗಿಸಿ ನೋಡಲಿ.

ಗಾಳ ಮುಗಿದ ಜಾಗದಲ್ಲೇ ಮೊದಲ ತೊಳೆತ ಆಗಬೇಕು, ಮನೆಗೆ ಬಂದ ಮೇಲೆ ಅಲ್ಲ. ಎರಡು ಲೀಟರ್ ಸಿಹಿನೀರಿನ ಬಾಟಲಿ, ಗಿಡಕ್ಕೆ ಔಷಧ ಹೊಡೆಯುವ ಕೈ ಸ್ಪ್ರೇ, ಒಂದು ಹತ್ತಿ ಬಟ್ಟೆ ಸಾಕು. ಸ್ಪ್ರೇ ಹೊಸದಿರಬೇಕು, ಕೀಟನಾಶಕ ತುಂಬಿದ್ದನ್ನು ತರಬೇಡಿ. ಡ್ರ್ಯಾಗ್ ಗುಬ್ಬಿಯನ್ನು ಪೂರ್ತಿ ಬಿಗಿ ಮಾಡಿ, ಇಲ್ಲದಿದ್ದರೆ ಬಿಲ್ಲೆಗಳ ನಡುವೆ ನೀರು ಇಳಿಯುತ್ತದೆ. ಮಂಜಿನಂಥ ಸ್ಪ್ರೇಯನ್ನು ಸ್ಪೂಲ್, ಅದರ ಸುತ್ತ ತಿರುಗುವ ರೋಟರ್, ದಾರವನ್ನು ಹಿಡಿದು ಸ್ಪೂಲಿಗೆ ಸುತ್ತಿಸುವ ಬೇಲ್ ತಂತಿಯ ಎರಡು ಕೀಲು, ಅದರ ತುದಿಯಲ್ಲಿ ದಾರ ಹಾಯುವ ಸಣ್ಣ ಉರುಳೆ ಅಂದರೆ ಲೈನ್ ರೋಲರ್, ಹಿಡಿಕೆಯ ಬುಡಕ್ಕೆ ಹೊಡೆಯಿರಿ. ಹೆದ್ದಾರಿ ಬದಿಯ ವಾಟರ್ ಸರ್ವಿಸ್‌ನಲ್ಲಿ ಕಾರಿನ ಜೊತೆ ರೀಲಿಗೂ ಪ್ರೆಶರ್ ಪೈಪ್ ಹಿಡಿಯುವುದು ಕಾಣುತ್ತದೆ. ಹೊರಗಿನ ಉಪ್ಪನ್ನು ಒಳಗೆ ತಳ್ಳಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಬಕೆಟ್‌ನಲ್ಲಿ ನೆನೆಸುವುದೂ ಅಷ್ಟೇ ಕೆಟ್ಟದ್ದು. ಕೊಡವಿ, ಒರೆಸಿ, ಚೀಲದ ಬಾಯಿ ಬಿಟ್ಟು ತನ್ನಿ.

ಮನೆಯಲ್ಲಿ ಎರಡನೇ ತೊಳೆತ. ಇಲ್ಲಿ ನಮ್ಮ ಜಿಲ್ಲೆಗಳ ನೀರಿನ ತೊಂದರೆ ಎದುರಾಗುತ್ತದೆ. ರಾಯಚೂರು, ಕೊಪ್ಪಳದ ಬೋರ್ ನೀರಿನಲ್ಲಿ ತೊಳೆದು ಒಣಗಿಸಿದರೆ ರೋಲರ್ ಸುತ್ತ ಬಿಳಿ ಪೊರೆ ಕೂರುತ್ತದೆ. ಅದು ಉಪ್ಪಲ್ಲ, ಸುಣ್ಣ, ಮತ್ತೆ ನೀರು ಹಾಕಿದರೆ ಕರಗುವುದೂ ಇಲ್ಲ. ರೋಲರ್ ಬಿಗಿಯಾಗಲು ಅಷ್ಟು ಸಾಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಐದೋ ಹತ್ತೋ ರೂಪಾಯಿಗೆ ಬರುವ ಇಪ್ಪತ್ತು ಲೀಟರ್ ಕ್ಯಾನಿನಲ್ಲಿ ಎರಡು ಲೀಟರ್ ರೀಲಿಗೆ ಮೀಸಲಿಡಿ. ತೊಳೆದು, ನೆರಳಲ್ಲಿ ಒಂದು ರಾತ್ರಿ ಒಣಗಿಸಿ, ಡ್ರ್ಯಾಗ್ ಸಡಿಲ ಮಾಡಿ ಇಡಿ. ಬಿಗಿ ಮಾಡಿದ ಹಾಗೇ ತಿಂಗಳುಗಟ್ಟಲೆ ಇಟ್ಟರೆ ಬಿಲ್ಲೆಗಳು ಅಮುಕಿಕೊಂಡು ಆ ಮೊದಲ ಜಗ್ಗಿನ ತಂಟೆ ಶುರುವಾಗುತ್ತದೆ.

ಎಣ್ಣೆ ಎಲ್ಲಿ, ಗ್ರೀಸ್ ಎಲ್ಲಿ ಅನ್ನುವುದು ತಿಳಿಯದೆ ಹಾಳು ಮಾಡುವವರೇ ಹೆಚ್ಚು. ಲೈನ್ ರೋಲರ್, ಬೇಲ್ ಕೀಲು, ಹಿಡಿಕೆಯ ಗುಬ್ಬಿ: ಇವಕ್ಕೆ ಒಂದೊಂದು ಹನಿ ತೆಳು ಎಣ್ಣೆ. ರೀಲ್ ಎಣ್ಣೆ ಇಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ಸ್ಪೂಲ್ ತೆಗೆದಾಗ ಕಾಣುವ ನಡುಕಂಬಿಗೆ ಮತ್ತು ಗೇರಿಗೆ ನೀರು ತಡೆಯುವ ರೀಲ್ ಗ್ರೀಸ್, ತೆಳುವಾಗಿ. ಡ್ರ್ಯಾಗ್ ಬಿಲ್ಲೆಗಳಿಗೆ ಡ್ರ್ಯಾಗ್ ಗ್ರೀಸ್ ಅಂತಲೇ ಬೇರೆ ಬರುತ್ತದೆ, ಬೆರಳಲ್ಲಿ ಸವರಿ ಒರೆಸಿ ತೆಗೆದಷ್ಟು ಮಾತ್ರ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಒಂದು ದಿಕ್ಕಿನ ಬೇರಿಂಗ್‌ಗೆ ಗ್ರೀಸ್ ತಾಗಲೇಬಾರದು. ಅದರೊಳಗೆ ಸಣ್ಣ ಉರುಳೆಗಳು ಸ್ಪ್ರಿಂಗ್ ಒತ್ತಡದಲ್ಲಿ ಕಚ್ಚಿಕೊಂಡು ನಿಲ್ಲುತ್ತವೆ, ಗ್ರೀಸ್ ಮೆತ್ತಿದರೆ ಅವು ಕಚ್ಚುವುದಿಲ್ಲ. ಗಾಳ ಕುಕ್ಕಿದ ಕ್ಷಣಕ್ಕೆ ಹಿಡಿಕೆ ಗಿರ್ರನೆ ಹಿಂದಕ್ಕೆ ತಿರುಗಿ ಬೆರಳಿಗೆ ಬಡಿಯುವುದು ಇದರಿಂದಲೇ. ಹೊಲದ ಮನೆಯಲ್ಲಿ ಸಿಗುವ ಟ್ರ್ಯಾಕ್ಟರ್ ಗ್ರೀಸ್ ತುಂಬುವವರಿಗೆ ಈ ತೊಂದರೆ ಖಚಿತ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಗಳು ಇರುವ ಗ್ರೀಸನ್ನೂ ತೊಳೆದು ಹಾಕುತ್ತವೆ, ಅವು ಎಣ್ಣೆಯ ಬದಲಿ ಅಲ್ಲ.

ಮೊದಲು ಕೆಡುವ ಭಾಗ ಲೈನ್ ರೋಲರ್. ಬ್ಯಾಟಲ್‌ಗೆ ಮಾತ್ರವಲ್ಲ, ಎಲ್ಲ ಸ್ಪಿನ್ನಿಂಗ್ ರೀಲಿಗೂ ಇದೇ ಕಥೆ, ಉಪ್ಪುನೀರಲ್ಲಿ ನೆಂದ ದಾರ ಸದಾ ಅದರ ಮೇಲೇ ಹಾಯುತ್ತದೆ. ಸುತ್ತುವಾಗ ಕೀಚಲು ಸದ್ದು ಬಂದರೆ, ದಾರಕ್ಕೆ ಕಾರಣವಿಲ್ಲದೆ ತಿರುಚು ಬಂದರೆ, ರೋಲರ್ ತಿರುಗುತ್ತಿಲ್ಲ ಅಂತ ತಿಳಿಯಿರಿ. ಪರೀಕ್ಷೆ ಸರಳ: ರೋಲರ್ ಮೇಲೆ ಮಾರ್ಕರ್‌ನಿಂದ ಚುಕ್ಕೆ ಇಟ್ಟು, ಭಾರ ಕಟ್ಟಿದ ದಾರ ಸುತ್ತಿ ನೋಡಿ. ಚುಕ್ಕೆ ನಿಂತಲ್ಲೇ ನಿಂತರೆ ಸ್ಕ್ರೂ ಬಿಚ್ಚಿ, ಬಿಡಿಭಾಗಗಳನ್ನು ತೆಗೆದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಫೋಟೊ ತೆಗೆದುಕೊಳ್ಳಿ. ಬೇರಿಂಗ್ ತೀರಾ ಹೋಗಿದ್ದರೆ ಅದರ ಅಂಚಿನ ನಂಬರ್ ನೋಡಿ ಬಳ್ಳಾರಿಯ ಬೇರಿಂಗ್ ಅಂಗಡಿಗಳಲ್ಲಿ ಕೇಳಬಹುದು, ಆದರೆ ಸ್ಟೇನ್‌ಲೆಸ್ ಅಂತ ಒತ್ತಿ ಕೇಳಿ. ಮೋಟಾರಿಗೆ ಹಾಕುವ ಮಾಮೂಲಿ ಉಕ್ಕಿನದು ಗಾತ್ರಕ್ಕೆ ಸರಿಹೋದರೂ ಉಪ್ಪಿಗೆ ಬೇಗನೆ ತುಕ್ಕು ಹಿಡಿಯುತ್ತದೆ.

ಬಿಸಿಲಿನ ಬಗ್ಗೆಯೂ ಇದೇ ಮಾತಿನಲ್ಲಿ ಹೇಳಿಬಿಡಬೇಕು. ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್‌ನಲ್ಲಿ ನಿಲ್ಲಿಸಿದ ಕಾರಿನೊಳಗೆ ರೀಲ್ ಬಿಟ್ಟರೆ ಗ್ರೀಸಿನ ಎಣ್ಣೆ ಬೇರ್ಪಟ್ಟು ಇಳಿದು ಆ ಒಂದು ದಿಕ್ಕಿನ ಬೇರಿಂಗ್‌ಗೇ ಸೇರುತ್ತದೆ. ರಬ್ಬರ್ ಲ್ಯೂರುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಗಣಿ ಲಾರಿಗಳ ದಾರಿಯಲ್ಲಿ ಓಡಾಡುವವರು ರೀಲನ್ನು ಬಟ್ಟೆ ಚೀಲದಲ್ಲಿ ಸುತ್ತಿಡಿ, ಅದಿರಿನ ಧೂಳು ಗ್ರೀಸಿಗೆ ಸೇರಿದರೆ ಗೇರು ಸವೆಸುವ ಪುಡಿಯಾಗುತ್ತದೆ.

ಉಳಿದ ತಿಂಗಳು ಊರಿನ ನೀರಲ್ಲಿ ಇದು ಹೇಗೆ? ಹಿನ್ನೀರಿನ ಅಂಚಿನಲ್ಲಿ ಬಾಳೆಮೀನಿಗೆ ಚೆನ್ನಾಗಿ ಒದಗುತ್ತದೆ, ಚಮಚೆ ಲ್ಯೂರ್ ದೂರ ಹೋಗುತ್ತದೆ, ಡ್ರ್ಯಾಗ್ ಬೇಕಾದಷ್ಟಿದೆ. ಕಟ್ಲಾ, ರೋಹುಗೆ ಶೇಂಗಾ ಹಿಂಡಿ ಉಂಡೆ ಕಟ್ಟಿ ರಾಡನ್ನು ಕವಲಿಗೆ ಒರಗಿಸಿ ಕೂರುವವರಿಗೆ ಇದು ತಪ್ಪು ಆಯ್ಕೆ. ಕಾಯುವಾಗ ದಾರವನ್ನು ಸಡಿಲ ಬಿಡುವ ಎರಡನೇ ಡ್ರ್ಯಾಗ್ ಇದರಲ್ಲಿಲ್ಲ, ಕಟ್ಲಾ ಓಡಿದರೆ ರಾಡೇ ನೀರಿಗೆ ಹೋದೀತು. ಜಲಾಶಯದಲ್ಲಿ ಗಾಳ ಹಾಕಲು ಅನುಮತಿ ಕೇಳಿಕೊಂಡೇ ಹೋಗಿ. ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿ ಕಡೆಗೆ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು, ಆ ಪಟ್ಟಿಯನ್ನು ಬಿಟ್ಟುಬಿಡಿ.

ಸೈಜಿನ ಆಯ್ಕೆಯಲ್ಲಿ ಗೊಂದಲ ಇರುವವರಿಗೆ: 2500 ಹಗುರ, ಕೆರೆಗೂ ಕಾಣೆಗೂ ಚೆನ್ನ, ಅಳಿವೆಯ ಬಂಡೆಗಳಲ್ಲಿ ಚೊಣಕ್ ತಿರುಗಿಸಲು ಸಾಲದು. 5000 ಅರ್ಧ ಕಿಲೋ ದಾಟುತ್ತದೆ, ದೋಣಿಯಿಂದ ಇಸ್ವಾಣ ಹುಡುಕಿಕೊಂಡು ಹೋಗುವವರಿಗೆ ಸರಿ, ನಿಂತು ಎಸೆಯುವವರಿಗೆ ಹೊರೆ. ವರ್ಷಕ್ಕೆ ಒಮ್ಮೆ ಗೋಕರ್ಣಕ್ಕೆ ಮನೆಮಂದಿ ಜೊತೆ ಹೋದಾಗ ಸಂಜೆ ಎರಡು ತಾಸು ಗಾಳ ಹಾಕುವವರು ಹತ್ತು ಸಾವಿರ ಸುರಿಯಬೇಕಾಗಿಲ್ಲ, ನಾಲ್ಕು ಸಾವಿರದೊಳಗೆ ಲೋಹದ ಸ್ಪೂಲ್ ಇರುವ ಯಾವುದಾದರೂ ಹೆಸರಾಂತ ಕಂಪನಿಯ ರೀಲ್ ತಗೊಂಡು ಚೆನ್ನಾಗಿ ತೊಳೆದಿಟ್ಟರೆ ಸಾಕು. ತರಿಸುವವರು ರೀಲಿನ ಜೊತೆಗೇ ಒಂದು ಲೈನ್ ರೋಲರ್ ಬೇರಿಂಗ್, ಒಂದು ಜೊತೆ ಡ್ರ್ಯಾಗ್ ಬಿಲ್ಲೆ, ಒಂದು ಸಣ್ಣ ಡಬ್ಬಿ ಡ್ರ್ಯಾಗ್ ಗ್ರೀಸ್ ಸೇರಿಸಿ ತರಿಸಿ. ಆಮೇಲೆ ಒಂದು ಬೇರಿಂಗ್‌ಗಾಗಿ ಕೊರಿಯರ್ ಕಾಯುತ್ತಾ ಕೂತರೆ ಏಪ್ರಿಲ್‌ನ ಒಂದು ಅಮಾವಾಸ್ಯೆ ಹೋಗಿಬಿಡುತ್ತದೆ.